ತಮ್ಮನ ಪಾಲಿನ ಮೈಕ್

ಮನೆಯಲ್ಲಿ ಇಬ್ಬರು ಮಕ್ಕಳಿದ್ದು ವಿಡಿಯೊ ಗೇಮ್ ಒಂದೇ ಇದ್ದರೆ ಮೊದಲನೇ ರಿಮೋಟ್ ಯಾರ ಕೈಗೆ ಹೋಗುತ್ತದೆ ಅಂತ ಕೇಳುವುದೇ ಬೇಡ. ಅಣ್ಣನಿಗೆ, ಇಲ್ಲವೇ ಅಕ್ಕನಿಗೆ. ಎರಡನೆಯದು ಚಿಕ್ಕವರ ಪಾಲು. ಜಪಾನಿನಲ್ಲೂ ಇದೇ ಕಥೆ ಇದ್ದಿರಬೇಕು. 1983ರಲ್ಲಿ ನಿಂಟೆಂಡೊ ಕಂಪನಿ ಹೊರತಂದ ಫ್ಯಾಮಿಕಾಮ್ ಎಂಬ ಕೆಂಪು-ಬಿಳಿ ಡಬ್ಬಿಯಲ್ಲಿ ಈ ತಾರತಮ್ಯವನ್ನು ಕಾರ್ಖಾನೆಯಲ್ಲೇ ಮಾಡಿ ಕಳಿಸಿದ್ದರು.

ಮೊದಲನೇ ರಿಮೋಟಿನ ನಡುವೆ ಸ್ಟಾರ್ಟ್, ಸೆಲೆಕ್ಟ್ ಎಂಬ ಎರಡು ಬಟನ್. ಎರಡನೆಯದರಲ್ಲಿ ಅವೆರಡೂ ಇಲ್ಲ. ಅಂದರೆ ಆಟ ಶುರು ಮಾಡುವವನೂ ಅಣ್ಣ, ನಿಲ್ಲಿಸುವವನೂ ಅಣ್ಣ. ತಮ್ಮನಿಗೆ ಬಾಯಾರಿದರೆ ಅಣ್ಣನ ಅಪ್ಪಣೆ ಬೇಕು. ಎರಡೂ ರಿಮೋಟುಗಳ ವೈರು ಡಬ್ಬಿಯೊಳಗೇ ಸೇರಿಕೊಂಡಿತ್ತು. ಅಣ್ಣ ಆಚೆ ಹೋದಾಗ ಕಿತ್ತು ಅದಲು ಬದಲು ಮಾಡೋಣ ಅಂದರೆ ಅದೂ ಆಗದು.

ಆದರೆ ಎರಡನೇ ರಿಮೋಟಿನಲ್ಲಿ ಒಂದು ಮೈಕ್ ಇತ್ತು! ಸಣ್ಣ ಸೀಳುಗಳ ಹಿಂದೆ ಅಡಗಿದ ಮೈಕ್, ಜೊತೆಗೆ ಬೆರಳಲ್ಲಿ ಜಾರಿಸುವ ವಾಲ್ಯೂಮ್ ಬಟನ್. ಬಾಯಿಟ್ಟು ಮಾತಾಡಿದರೆ ದನಿ ನೇರ ಟಿವಿಯಿಂದ ಬರುತ್ತಿತ್ತು. ಯಾವ ಆಟ ಓಡುತ್ತಿದೆ ಅನ್ನುವುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಇದರ ಬೆಲೆ ಗೊತ್ತಾಗಬೇಕಾದರೆ 1985ರ ಸೂಪರ್ ಮಾರಿಯೋ ನೆನೆಸಿಕೊಳ್ಳಿ. ಇಬ್ಬರು ಆಡಬಹುದು, ಆದರೆ ಒಟ್ಟಿಗಲ್ಲ. ಅಣ್ಣ ಆಡಿಸುವ ಮಾರಿಯೋ ಸತ್ತ ಮೇಲೆಯೇ ತಮ್ಮ ಆಡಿಸುವ ಲುಯಿಜಿಯ ಸರದಿ. ಅಣ್ಣ ಚೆನ್ನಾಗಿ ಆಡುವವನಾದರೆ ತಮ್ಮ ಸುಮ್ನೆ ಕೂತಿರಬೇಕು, ಒಳಗೊಳಗೇ ಅಣ್ಣ ಗುಂಡಿಗೆ ಬೀಳಲಿ ಅಂತ ಹರಕೆ ಹೊರುತ್ತಾ. ಅಂಥವನ ಕೈಗೆ ಮೈಕ್ ಕೊಟ್ಟರೆ ಏನಾಗುತ್ತದೆ? ಮದುವೆಮನೆಯಲ್ಲಿ ಮೈಕ್ ಸಿಕ್ಕ ಮಗುವಿನ ಹಾಗೆ ಹಲೋ ಹಲೋ ಅನ್ನುತ್ತಾನೆ. ಅಣ್ಣ ಆಟ ನಿಲ್ಲಿಸಿದರೂ ಆ ದನಿ ನಿಲ್ಲದು. ನನಗಂತೂ ಇದು ನ್ಯಾಯವಾಗಿಯೇ ಕಾಣುತ್ತದೆ.

ದನಿ ಟಿವಿಯಲ್ಲಿ ಬರುವುದು ಒಂದು ಕಡೆ. ಆಟಕ್ಕೆ ಆ ದನಿ ಕೇಳಿಸುತ್ತಿತ್ತಾ? ಕೇಳಿಸುತ್ತಿತ್ತು, ಆದರೆ ಸದ್ದು ಇದೆಯೋ ಇಲ್ಲವೋ ಅನ್ನುವಷ್ಟು ಮಾತ್ರ. ಒಂದೇ ಒಂದು ಬಿಟ್. ಇಷ್ಟು ಅರೆಗಿವುಡು ಮೈಕನ್ನು ಇಟ್ಟುಕೊಂಡು ಆಟ ಕಟ್ಟುವವರು ಏನು ಮಾಡಿಯಾರು? ಹೆಚ್ಚಿನವರು ಅದರ ಗೊಡವೆಗೇ ಹೋಗಲಿಲ್ಲ. ಹೋದ ಕೆಲವರು ಮಾತ್ರ ಮಜವಾಗಿ ಹೋದರು.

1986ರ ಕಿಡ್ ಇಕಾರಸ್ ಆಟದ ಜಪಾನಿ ಆವೃತ್ತಿಯಲ್ಲಿ ಅಂಗಡಿಗೆ ಹೋಗಿ ಮೈಕಿನಲ್ಲಿ ಚೌಕಾಸಿ ಮಾಡಬಹುದು. ಅಂಗಡಿಯವನು ಒಮ್ಮೆ ಬೆಲೆ ಇಳಿಸುತ್ತಾನೆ, ಇನ್ನೊಮ್ಮೆ ಸಿಟ್ಟಾಗಿ ಏರಿಸುತ್ತಾನೆ. ಅವನಿಗೆ ಕೇಳಿಸುವುದು ಬರೀ ಗದ್ದಲ ಅಂತ ಗೊತ್ತಿದ್ದೂ ಮಕ್ಕಳು ನಯವಾಗಿ ಕೇಳಿ ನೋಡಿರುತ್ತಾರೆ, ಅಲ್ವಾ?

ಅದೇ ವರ್ಷದ ಸೆಲ್ಡಾ ಎಂಬ ಆಟದಲ್ಲಿ ಪೋಲ್ಸ್ ವಾಯ್ಸ್ ಎಂಬ ಒಂದು ಕುಪ್ಪಳಿಸುವ ಜಂತು ಇದೆ. ಟಿವಿ ಪರದೆಯ ಮೇಲೆ 16 ಚುಕ್ಕಿ ಅಗಲ, 16 ಚುಕ್ಕಿ ಎತ್ತರ, ಮೂರೇ ಬಣ್ಣ. ಅಷ್ಟರಲ್ಲೇ ಮೀಸೆ ಬಿಡಿಸಿ, ಮೊಲವೂ ನಾಚುವಂಥ ಎರಡು ಕಿವಿ ಇಟ್ಟಿದ್ದಾರೆ. ಆ ಕಿವಿಯೇ ಸುಳಿವು. ಕತ್ತಿಯಲ್ಲಿ ಎಷ್ಟು ಹೊಡೆದರೂ ಸುಲಭಕ್ಕೆ ಸಾಯದ ಇದು ಮೈಕಿಗೆ ಕೂಗಿದರೆ ಸಾಯುತ್ತದೆ. ಸೆಲ್ಡಾ ಒಬ್ಬರೇ ಆಡುವ ಆಟ. ಮೈಕ್ ಮಾತ್ರ ಎರಡನೇ ರಿಮೋಟಿನಲ್ಲಿ. ಎರಡೂ ಕೈ ಜಂತುಗಳ ಜೊತೆ ಗುದ್ದಾಡುವಾಗ ಅಣ್ಣ ಯಾರನ್ನು ಕರೆಯಬೇಕು ಹೇಳಿ!

ಮರುವರ್ಷ ಆಟ ಅಮೆರಿಕಕ್ಕೆ ಹೋಯಿತು. ಅಲ್ಲಿನ ಡಬ್ಬಿಯ ರಿಮೋಟಿನಲ್ಲಿ ಮೈಕ್ ಇಲ್ಲ. ಆದರೂ ಆಟದ ಜೊತೆ ಕೊಟ್ಟ ಪುಸ್ತಕದಲ್ಲಿ ಈ ಜಂತುವಿಗೆ ಜೋರು ಸದ್ದು ಆಗದು ಎಂಬ ಮಾತು ಹಾಗೇ ಉಳಿಯಿತು. ಪಾಪ, ಅಲ್ಲಿನ ಮಕ್ಕಳು ಆಟದಲ್ಲಿ ಸಿಗುವ ಕೊಳಲನ್ನು ಅದರ ಮುಂದೆ ಊದಿದ್ದೇ ಊದಿದ್ದು. ಅದು ಸಾಯುವುದು ಬಾಣಕ್ಕೆ.

ಎಲ್ಲಕ್ಕಿಂತ ವಿಚಿತ್ರ 1986ರ ಡಿಸೆಂಬರಿನಲ್ಲಿ ಟೈಟೊ ಕಂಪನಿ ತಂದ ‘ತಾಕೇಶಿಯ ಸವಾಲು’. ಆಗ ಟಿವಿಯಲ್ಲಿ ನಗಿಸುತ್ತಿದ್ದ, ಆಮೇಲೆ ಸಿನಿಮಾ ನಿರ್ದೇಶಕನಾಗಿ ಹೆಸರು ಮಾಡಿದ ತಾಕೇಶಿ ಕಿತಾನೊನ ಹೆಸರಿನ ಆಟ. ನಾಯಕ ಒಬ್ಬ ಆಫೀಸ್ ನೌಕರ. ಕೆಲಸ ಬಿಡಬೇಕು, ಹೆಂಡತಿಗೆ ಡೈವೋರ್ಸ್ ಕೊಡಬೇಕು, ಬಾರಿಗೆ ಹೋಗಿ ಕರೋಕೆ ಹಾಡಬೇಕು. ಹಾಡಬೇಕಾದದ್ದು ನಿಜವಾಗಿಯೂ, ಎರಡನೇ ರಿಮೋಟಿನ ಮೈಕಿಗೆ. ರಾಗ, ಶ್ರುತಿ, ಸಾಹಿತ್ಯ ಯಾವುದೂ ಡಬ್ಬಿಗೆ ತಿಳಿಯದು, ಬಾಯಿ ಬಿಟ್ಟರೆ ಸಾಕು. ಬಾತ್‌ರೂಮ್ ಗಾಯಕರಿಗೆ ಇಂಥ ಉದಾರ ಸಭೆ ಇನ್ನೆಲ್ಲೂ ಸಿಕ್ಕಿರಲಿಕ್ಕಿಲ್ಲ. ಆಮೇಲೆ ನಿಧಿಯ ನಕ್ಷೆಯೊಂದು ಸಿಗುತ್ತದೆ. ನೋಡಿದರೆ ಖಾಲಿ ಹಾಳೆ. ಬಿಸಿಲಿಗೆ ಹಿಡಿದರೆ ಚಿತ್ರ ಮೂಡುತ್ತದೆ, ಆದರೆ ಒಂದು ಗಂಟೆ ಕಾಯಬೇಕು. ಆಟದೊಳಗಿನ ಗಂಟೆಯಲ್ಲ, ಗೋಡೆ ಗಡಿಯಾರದ ಗಂಟೆ. ಇಷ್ಟೆಲ್ಲ ಪಾಡುಪಟ್ಟು ಮುಗಿಸಿದವನಿಗೆ ತಾಕೇಶಿ ಮುಖ ತೋರಿಸಿ ಭೇಷ್ ಅನ್ನುತ್ತಾನೆ. ಟಿವಿ ಆರಿಸದೆ ಐದು ನಿಮಿಷ ಕೂತಿದ್ದರೆ ಇನ್ನೊಂದು ಮಾತು ಬರುತ್ತದೆ: ಇಂಥ ಆಟವನ್ನೂ ಇಷ್ಟು ಸೀರಿಯಸ್ಸಾಗಿ ತಗೊಂಡ್ರೆ ಹೆಂಗೆ?

ತೊಂಬತ್ತರ ದಶಕದಲ್ಲಿ ನಮ್ಮ ಊರುಗಳಿಗೆ ಬಂದದ್ದು ಇದೇ ಫ್ಯಾಮಿಕಾಮಿನ ನಕಲುಗಳು. 9999 ಆಟ ಅಂತ ಬರೆದ ಕ್ಯಾಸೆಟ್ ಹಾಕಿದರೆ ಅವೇ ಕೆಲವು ಆಟಗಳು ತಿರುಗಾಮುರುಗಾ ಬರುತ್ತಿದ್ದವು. ನಾನು ಕಂಡ ಯಾವ ನಕಲಿನಲ್ಲೂ ಮೈಕ್ ಇರಲಿಲ್ಲ. ನಮ್ಮ ತಮ್ಮಂದಿರು ಬರಿಗಂಟಲಲ್ಲೇ ಕೂಗಿದರು, ಅದೇನೂ ಕಡಿಮೆ ಇರಲಿಲ್ಲ ಬಿಡಿ.

ಜಪಾನಿನಲ್ಲೂ 1993ರ ಹೊಸ ಫ್ಯಾಮಿಕಾಮಿನಿಂದ ಮೈಕನ್ನು ತೆಗೆದುಹಾಕಿದರು. ಆ ದೊಡ್ಡ ಕಿವಿಯ ಜಂತು ಮಾತ್ರ 2007ರ ಇನ್ನೊಂದು ಸೆಲ್ಡಾದಲ್ಲಿ ಮತ್ತೆ ಬಂತು. ಅದು ಕೈಯಲ್ಲಿ ಹಿಡಿದು ಆಡುವ ನಿಂಟೆಂಡೊ ಡಿಎಸ್‌ನ ಆಟ. ಅದಕ್ಕೂ ಮೈಕ್ ಇದೆ, ಅದರಲ್ಲೂ ಜಂತುವಿಗೆ ಕೂಗಲೇಬೇಕು. ಆದರೆ ಈ ಡಬ್ಬಿಗೆ ಎರಡನೇ ರಿಮೋಟೇ ಇಲ್ಲ. ರೈಲಿನಲ್ಲಿ ಎಲ್ಲರ ನಡುವೆ ಕೂತಿದ್ದರೂ ಅಣ್ಣ ತಾನೇ ಅರಚಿಕೊಳ್ಳಬೇಕು.