ಬಿಸಿಲು ಉಂಟು, ಫ್ಯಾನ್ ಇಲ್ಲ

ಮಂಗಳವಾರ ಬೆಳಿಗ್ಗೆ 11 ಗಂಟೆ. ಕಟಪಾಡಿಯ ಏಪ್ರಿಲ್ ಬಿಸಿಲು. ಅಂಗಳಕ್ಕೆ ಬರಿಗಾಲಲ್ಲಿ ಇಳಿದರೆ ಕುಣಿಯಬೇಕು. ನಮ್ಮ ಮಾಡಿನ ಮೇಲೆ 3 ಕಿಲೋವ್ಯಾಟಿನ ಆರು ಸೋಲಾರ್ ಪ್ಯಾನೆಲ್‌ಗಳು ಎಣ್ಣೆ ಸವರಿದ ದೋಸೆ ಕಾವಲಿಯ ಹಾಗೆ ಹೊಳೆಯುತ್ತಿವೆ. ಅವುಗಳ ಕೆಳಗೆ, ಅವುಗಳ ಮಾಲೀಕನಾದ ನಾನು ಅಡಿಕೆ ಹಾಳೆಯ ಬೀಸಣಿಗೆಯಲ್ಲಿ ಗಾಳಿ ಹಾಕಿಕೊಳ್ಳುತ್ತಿದ್ದೇನೆ. ಕರೆಂಟ್ ಇಲ್ಲ. ನಿರ್ವಹಣಾ ಕಾಮಗಾರಿಯ ಪ್ರಯುಕ್ತ ಬೆಳಿಗ್ಗೆ 9ರಿಂದ ಸಂಜೆ 5ರವರೆಗೆ ನಿಲುಗಡೆ, ಗ್ರಾಹಕರು ಸಹಕರಿಸಬೇಕು. ಸಹಕರಿಸುತ್ತಿದ್ದೇನೆ.

"ನಿಮ್ಗೆ ಸೋಲಾರ್ ಉಂಟಲ್ಲ ಮಾರಾಯ್ರೆ?" ಎಂದು ಕಂಪೌಂಡಿನ ಆಚೆಯಿಂದ ಪಕ್ಕದ ಮನೆಯ ರಾಯರು ಕೇಳಿದರು. ಅವರ ಚಾವಡಿಯಲ್ಲಿ ಫ್ಯಾನ್ ತಿರುಗುತ್ತಿತ್ತು. ಅವರಲ್ಲಿರುವುದು ಮೆಟ್ಟಿಲಡಿಯ ಹಳೇ ಇನ್ವರ್ಟರ್, ಒಂದು ಬ್ಯಾಟರಿ, ಅದರ ಮೇಲೆ ಒಂದು ಕಟ್ಟು ಹಳೇ ಪೇಪರು.

"ಉಂಟು."

"ಮತ್ತೆಂತ?"

"ಕರೆಂಟ್ ಇಲ್ಲ. ಹಾಗಾಗಿ ಸೋಲಾರೂ ಇಲ್ಲ."

ರಾಯರು ನನ್ನನ್ನು ಸ್ವಲ್ಪ ಹೊತ್ತು ನೋಡಿ ಒಳಗೆ ಹೋದರು. ಅವರದ್ದೇನೂ ತಪ್ಪಿಲ್ಲ. ಈ ಮಾತು ನನಗೆ ಅರ್ಥವಾಗಲಿಕ್ಕೇ ಎರಡು ಲಕ್ಷ ರೂಪಾಯಿ ಬೇಕಾಯಿತು.

ನಾನು ಸೋಲಾರ್ ಹಾಕಿಸಿದ್ದು ಕರೆಂಟ್ ಹೋಗುತ್ತದೆ ಎಂದು. ಬಿಲ್ಲಿನ ಬಿಸಿ ತಾಳಲಾರದೆ ಅಲ್ಲ, ಯಾಕೆಂದರೆ ನಮಗೆ ಬಿಲ್ಲೇ ಇರಲಿಲ್ಲ. ಗೃಹಜ್ಯೋತಿಯ ದಯೆಯಿಂದ 2023ರ ಆಗಸ್ಟಿನಿಂದ ನಮ್ಮ ಚೀಟಿಯಲ್ಲಿ ಸೊನ್ನೆ. (ಹೆಸರಿಗೆ 200 ಯೂನಿಟ್. ನಿಜಕ್ಕೆ 2022-23ರಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಉರಿಸಿದ್ದೆವೋ ಅದರ ಮೇಲೆ ಶೇಕಡ 10. ಆ ವರ್ಷ ಮಗಳು ಹಾಸ್ಟೆಲಿನಲ್ಲಿದ್ದಳು, ನಾವು ಒಂದೇ ಕೋಣೆಯಲ್ಲಿ ಒಂದೇ ಲೈಟಿನಡಿ ಕೂತು ಜಾಣರೆನಿಸಿಕೊಂಡಿದ್ದೆವು. ಆ ವರ್ಷ ರಾತ್ರಿಯಿಡೀ ಎಸಿ ಹಾಕಿ ಮಲಗಿದವರಿಗೆ ಆ ನಿದ್ದೆಯ ಪುಣ್ಯ ಇಂದಿಗೂ ಸಂದಾಯವಾಗುತ್ತಿದೆ.)

ಅಷ್ಟರಲ್ಲಿ 2024ರ ಫೆಬ್ರವರಿಯಲ್ಲಿ ದೆಹಲಿಯಿಂದ ಪಿಎಂ ಸೂರ್ಯಘರ್ ಬಂತು, ಮಾಡಿನ ಮೇಲೆ ಸೋಲಾರ್ ಹಾಕಿಸುವವರಿಗೆ ಸಬ್ಸಿಡಿ ಕೊಡುವ ಯೋಜನೆ. ಒಂದು ಕೋಟಿ ಮನೆ, 75,021 ಕೋಟಿ ರೂಪಾಯಿ, ತಿಂಗಳಿಗೆ 300 ಯೂನಿಟ್ ಉಚಿತ. ಮಲ್ಪೆ ದಕ್ಕೆಯಲ್ಲಿ ಮೀನು ಏಲಂ ಕೂಗುತ್ತಾರಲ್ಲ, ಹಾಗೆ. ಬೆಂಗಳೂರು 200 ಅಂದಿತು, ದೆಹಲಿ 300 ಅಂದಿತು. ಬುಟ್ಟಿಯಲ್ಲಿ ಮೀನು ಉಂಟೋ ಎಂದು ಬಗ್ಗಿ ನೋಡಿದವರು ಯಾರೂ ಇಲ್ಲ. ಇತ್ತ ಎಲ್ಲೂರಿನಲ್ಲಿ 600 ಮೆಗಾವ್ಯಾಟಿನ ಎರಡು ಘಟಕಗಳ ಸ್ಥಾವರ ಕೂತಿದೆ, ನಮ್ಮ ಮನೆಯಿಂದ ಬೈಕಿನಲ್ಲಿ ಹೋದರೆ ಒಂದು ಸಿನಿಮಾ ಹಾಡು ನಾಲ್ಕೈದು ಸಲ ಕೇಳುವಷ್ಟು ದೂರ. ಕರೆಂಟ್ ನಮ್ಮ ತಲೆಯ ಮೇಲಿಂದಲೇ ಎಲ್ಲಿಗೋ ಹೋಗುತ್ತದೆ, ಹೋಗುವಾಗ ಮಾತಾಡಿಸುವುದಿಲ್ಲ.

ಸೋಲಾರಿನವರು ಮೂರು ಜನ ಬಂದರು. ಮೊದಲನೆಯವನು ಚಪ್ಪಲಿ ಬಿಡುವ ಮೊದಲೇ "ಬೈಫೇಶಿಯಲ್ ಸರ್, ಎರಡೂ ಮುಖದಿಂದ ಬೆಳಕು ತಗೊಳ್ತದೆ" ಅಂದ. ನಮ್ಮ ಪ್ಯಾನೆಲಿನ ಕೆಳಮುಖಕ್ಕೆ ಕಾಣಿಸುವುದು ಪಾಚಿ ಹಿಡಿದ ಶೀಟು. ಕರಾವಳಿಯಲ್ಲಿ ಟೆರೇಸ್ ಎಂದರೆ ಮೊದಲು ಕಾಂಕ್ರೀಟು, ಅದು ಸೋರುತ್ತದೆಂದು ಮೇಲೊಂದು ಶೀಟಿನ ಮಾಡು, ಈಗ ಆ ಶೀಟಿಗೆ ತೂತು ಕೊರೆದು ಅದರ ಮೇಲೆ ಪ್ಯಾನೆಲ್. ಅಜ್ಜನ ಕಾಲದಲ್ಲಿ ಒಂದು ಪದರ ಮಂಗಳೂರು ಹೆಂಚಿನಲ್ಲಿ ಮುಗಿಯುತ್ತಿದ್ದದ್ದು ಮೂರು ಅಂತಸ್ತಾಗಿದೆ, ಸೋರುವುದು ಮಾತ್ರ ಅಷ್ಟೇ. ಎರಡನೆಯವನು ಟಾಪ್‌ಕಾನ್, ಡಿಸಿಆರ್ ಎಂದು ಪಂಚಾಂಗ ಓದಿದ. ಡಿಸಿಆರ್ ಎಂದರೆ ನಮ್ಮ ದೇಶದಲ್ಲೇ ತಯಾರಾದದ್ದು, ಸಬ್ಸಿಡಿ ಬೇಕಾದರೆ ಅದನ್ನೇ ಹಾಕಿಸಬೇಕು. ಅವನ ಮಾತಿನಲ್ಲಿ ನನಗೆ ಉಪಯೋಗಕ್ಕೆ ಬಂದದ್ದು ಅದೊಂದೇ. ಮೂರನೆಯವನು 25 ವರ್ಷ ವಾರಂಟಿ ಅಂದ. ಅವನ ಅಂಗಡಿಗೆ ಬೋರ್ಡ್ ಹಾಕಿ 25 ತಿಂಗಳು ಆಗಿರಲಿಲ್ಲ.

"ಬಿಲ್ ಎಷ್ಟು ಬರ್ತದೆ ಸರ್?" ಎಂದು ಮೂವರೂ ಕೇಳಿದರು.

"ಸೊನ್ನೆ."

"ಅದನ್ನು ನಾವು ಸೊನ್ನೆ ಮಾಡಿ ಕೊಡ್ತೇವೆ ಸರ್."

ದಿನಕ್ಕೆ ಎಷ್ಟು ಹೊತ್ತು ಕರೆಂಟ್ ಹೋಗುತ್ತದೆ, ಹೋದಾಗ ಮನೆಯಲ್ಲಿ ಏನು ನಡೆಯಲೇಬೇಕು, ನೀವು ಹೆಚ್ಚು ಉರಿಸುವುದು ಹಗಲೋ ರಾತ್ರಿಯೋ ಎಂದು ಒಬ್ಬನೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಅವರ ಕರಪತ್ರದಲ್ಲಿ ಪ್ಯಾನೆಲ್ ಹಾಕಿದ ಮನೆ, ಉರಿಯುವ ಲೈಟು, ನಗುವ ಮಗು ಎಲ್ಲ ಇತ್ತು. ಅದನ್ನು ನೋಡಿದ ಮೇಲೆ ಕೇಳುವುದಕ್ಕೆ ಏನು ಉಳಿದೀತು? ಸಬ್ಸಿಡಿಯ ಲೆಕ್ಕ ಮಾತ್ರ ಬೆರಳ ತುದಿಯಲ್ಲಿತ್ತು. ಮೊದಲ ಎರಡು ಕಿಲೋವ್ಯಾಟಿಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000. ನಾಲ್ಕನೆಯದಕ್ಕೆ ಬಿಡಿಗಾಸಿಲ್ಲ. ಬ್ಯಾಟರಿಗೂ ಇಲ್ಲ.

ಆಮೇಲೆ ನೆರಳಿನ ಪ್ರಶ್ನೆ ಎದ್ದಿತು. ಒಂದು ಪ್ಯಾನೆಲ್ ಮೇಲೆ ತೆಂಗಿನ ಗರಿಯ ನೆರಳು ಬಿದ್ದರೂ ಸಾಲಿಗೆ ಸಾಲೇ ಸೊರಗುತ್ತದಂತೆ. ಎರಡು ತೆಂಗು, ಒಂದು ಕಾಟುಮಾವು ಹೋದವು. ಮಾವಿನ ಬುಡ ನೋಡಿ ಅಮ್ಮ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಪ್ಯಾನೆಲ್ ಏರಿದ ಮೇಲೆ ಲೈನಿನಿಂದ ಬಂದದ್ದನ್ನೂ ಲೈನಿಗೆ ಹೋದದ್ದನ್ನೂ ಎಣಿಸಲು ಎರಡೂ ಕಡೆ ಓಡುವ ಮೀಟರ್ ಬರಬೇಕು ಎಂದು ಕಚೇರಿಗೆ ಅಲೆದದ್ದು ಇನ್ನೊಂದು ಕಥೆ. ಅಲ್ಲಿ ನಾನು ಹೋದಾಗೆಲ್ಲ ಸಾಹೇಬರು ಫೀಲ್ಡಿನಲ್ಲಿ ಇರುತ್ತಿದ್ದರು. ಯಾವ ಫೀಲ್ಡು ಎಂದು ಇಂದಿಗೂ ಗೊತ್ತಾಗಿಲ್ಲ, ನಮ್ಮ ಗದ್ದೆಯ ಕಡೆಗಂತೂ ಬಂದದ್ದಿಲ್ಲ.

ಅಂತೂ ಎಲ್ಲ ಆಗಿ, ತೆಂಗಿನಕಾಯಿ ಒಡೆದು, ಮೊದಲ ಮಂಗಳವಾರವೇ ಕರೆಂಟ್ ಹೋಯಿತು. ಫ್ಯಾನ್ ನಿಂತಿತು. ಫೋನ್ ಮಾಡಿದರೆ ವಾರಂಟಿಯವನು, "ಅದು ಆನ್-ಗ್ರಿಡ್ ಸರ್, ಲೈನಿನಲ್ಲಿ ಕರೆಂಟ್ ಇದ್ರೆ ಮಾತ್ರ ನಡೀತದೆ. ಹೋದಾಗ ಬೇಕು ಅಂತ ನೀವು ಹೇಳ್ಲೇ ಇಲ್ಲ" ಅಂದ. ಹೋಟೆಲಿಗೆ ಹೋಗಿ ಊಟಕ್ಕೆ ಕೂತವನು ಅನ್ನವೂ ಬೇಕು ಎಂದು ಬೇರೆಯಾಗಿ ಹೇಳಬೇಕಿತ್ತು.

ಇದರ ನ್ಯಾಯ ತಿಳಿಸಿದವನು ಕಂಬದಿಂದ ಇಳಿದು ನಮ್ಮಲ್ಲಿ ನೀರು ಕುಡಿಯಲು ಬಂದ ಲೈನ್‌ಮ್ಯಾನ್. "ಅಣ್ಣ, ನಾವು ಲೈನ್ ಆಫ್ ಮಾಡಿ ಕಂಬ ಹತ್ತಿದ್ದೇವೆ. ಆಗ ನಿಮ್ಮ ಮಾಡಿನಿಂದ ಕರೆಂಟ್ ವಾಪಸ್ ಬಂದ್ರೆ ನಮ್ಮ ಮನೆಯವರು ಎಂತ ಮಾಡುದು?" ಅದಕ್ಕೇ ಲೈನ್ ಸತ್ತ ಕೂಡಲೇ ಸೋಲಾರಿನ ಇನ್ವರ್ಟರ್ ತಾನೂ ಕಣ್ಣು ಮುಚ್ಚುತ್ತದೆ. ಬಹಳ ಸರಿಯಾದ ವ್ಯವಸ್ಥೆ, ನನಗೆ ಅದರ ಮೇಲೆ ಸಿಟ್ಟಿಲ್ಲ. ಕುಡಿಯಲು ನೀರು ಕೇಳಿಕೊಂಡು ಬಂದವನು ಒಂದು ಲೋಟದ ಹೊತ್ತಿನಲ್ಲಿ ಹೇಳಿದ್ದನ್ನು, ಟೈ ಕಟ್ಟಿಕೊಂಡು ಬಂದ ಮೂವರು ಮೂರು ಸಂಜೆ ಕೂತು, ಬಿಸ್ಕುಟು ತಿಂದು, ಹೇಳಲಿಲ್ಲವಲ್ಲ.

ಈಗ ಬ್ಯಾಟರಿ. ದುಬೈಯ ಭಾವ ವಾಟ್ಸಾಪಿನಲ್ಲಿ "ಹೈಬ್ರಿಡ್ ಇನ್ವರ್ಟರ್ ಹಾಕು, ಲಿಥಿಯಂ ಹಾಕು" ಎಂದ, ಎರಡು ಬೆಂಕಿಯ ಚಿಹ್ನೆಯೊಂದಿಗೆ. ಹೈಬ್ರಿಡ್ ಎಂದರೆ ಪ್ಯಾನೆಲ್, ಲೈನ್ ಎರಡರ ಜೊತೆ ಬ್ಯಾಟರಿಯನ್ನೂ ಸೇರಿಸಿಕೊಳ್ಳುವಂಥದ್ದು. ನಾನು ಹಾಲಿನ ಚೀಟಿಯ ಹಿಂದೆ ಲೆಕ್ಕ ಹಾಕಿದೆ. ರಾಯರ ಮೆಟ್ಟಿಲಡಿಯ ಬ್ಯಾಟರಿ 12 ವೋಲ್ಟ್, 150 ಆಂಪಿಯರ್ ಅವರ್. ಗುಣಿಸಿದರೆ 1.8 ಯೂನಿಟ್. ಸೀಸದ ಬ್ಯಾಟರಿ ಬಾಳಬೇಕಾದರೆ ಅರ್ಧಕ್ಕಿಂತ ಹೆಚ್ಚು ಹೀರಬಾರದು, ಅಂದರೆ ಕೈಗೆ ಸಿಗುವುದು 0.9. 75 ವ್ಯಾಟಿನ ಹಳೇ ಫ್ಯಾನ್ ನಾಲ್ಕು ಹಾಕಿದರೆ ಮೂರು ಗಂಟೆ. ನನ್ನ ಪ್ಯಾನೆಲ್ ಒಳ್ಳೆ ಬಿಸಿಲಿಗೆ ದಿನಕ್ಕೆ 12 ಯೂನಿಟ್ ಕೊಡುತ್ತದೆ. ಅದಷ್ಟನ್ನೂ ಕಟ್ಟಿಡಲು ಅಂಥ ಬ್ಯಾಟರಿ ಹದಿಮೂರೋ ಹದಿನಾಲ್ಕೋ ಬೇಕು, ಒಂದೊಂದು ಐವತ್ತರವತ್ತು ಕಿಲೊ. ಮೆಟ್ಟಿಲಡಿ ಸಾಲದು, ಮೆಟ್ಟಿಲು ತೆಗೆಯಬೇಕು. ಲಿಥಿಯಂ ಆದರೆ ಶೇಕಡ 80-90 ಬಳಸಬಹುದು, ನೀರು ಹಾಕುವ ಕೆಲಸವಿಲ್ಲ, ಜಾಗವೂ ಸ್ವಲ್ಪ ಸಾಕು. ಜೇಬು ಮಾತ್ರ ದೊಡ್ಡದು ಬೇಕು. ಇದರ ಮೇಲೆ 2025ರ ಸೆಪ್ಟೆಂಬರಿನಿಂದ ಪ್ಯಾನೆಲ್‌ಗೆ ಜಿಎಸ್‌ಟಿ ಶೇಕಡ 5, ಬ್ಯಾಟರಿಗೆ ಶೇಕಡ 18. ಬಿಸಿಲು ಹಿಡಿಯುವುದು ಪುಣ್ಯ, ಹಿಡಿದದ್ದನ್ನು ರಾತ್ರಿಗೆ ಎತ್ತಿಡುವುದು ಲೋಭ.

ಹಾಗೆ ನೋಡಿದರೆ ನಾಲ್ಕು ಫ್ಯಾನ್ ಬದಲಿಸಿ 30 ವ್ಯಾಟಿನ ಬಿಎಲ್‌ಡಿಸಿ ಹಾಕಿ, ರಾಯರ ಹಾಗೆ ಒಂದು ಬ್ಯಾಟರಿ ಇಟ್ಟಿದ್ದರೆ ನನ್ನ ಸಂಕಟ ಏಳು ಗಂಟೆ ಹೊತ್ತು ಮುಂದೆ ಹೋಗುತ್ತಿತ್ತು. ಮರಗಳೂ ಉಳಿಯುತ್ತಿದ್ದವು. ಆದರೆ ಅದನ್ನು ಉದ್ಘಾಟಿಸಲು ಯಾರೂ ಬರುವುದಿಲ್ಲ, ಫೋಟೋ ತೆಗೆಯಲಿಕ್ಕೂ ಮೆಟ್ಟಿಲಡಿ ಬೆಳಕಿಲ್ಲ.

ಮಳೆಗಾಲದ ಮಾತು ಬೇಡವೇ ಬೇಡ. ಜೂನ್ ಬಂತೆಂದರೆ ಮರ ಲೈನಿನ ಮೇಲೆ, ಲೈನ್ ರಸ್ತೆಯ ಮೇಲೆ, ಮೋಡ ಪ್ಯಾನೆಲಿನ ಮೇಲೆ. ಡೀಸಿ ಶಾಲೆಗೆ ರಜೆ ಕೊಟ್ಟ ದಿನ ನಮ್ಮ ಪ್ಯಾನೆಲೂ ರಜೆ ಹಾಕುತ್ತದೆ. ಸಿಡಿಲು ಗುಡುಗಿದರೆ ಟಿವಿ, ಫ್ರಿಜ್ಜಿನ ಪ್ಲಗ್ ಕಿತ್ತು ಅಮ್ಮ ಮೇಲೆ ಕೈ ತೋರಿಸುತ್ತಾರೆ: "ಅದರ ಪ್ಲಗ್ ಎಲ್ಲುಂಟು?"

ಸಂಜೆ 5ಕ್ಕೆ ಬರಬೇಕಾದ ಕರೆಂಟ್ 6.40ಕ್ಕೆ ಬಂತು, ಪ್ಯಾನೆಲ್‌ಗೆ ಬಿಸಿಲು ಮುಗಿದ ಮೇಲೆ. ವೈಫೈ ಎಚ್ಚರವಾಗಿ, ಮೊಬೈಲಿನಲ್ಲಿ ಸೋಲಾರಿನ ಆ್ಯಪ್ ಹಸಿರು ಬಣ್ಣದಲ್ಲಿ ಅಭಿನಂದನೆ ಹೇಳಿತು: ಹಾಕಿದಂದಿನಿಂದ ನೀವು ಉಳಿಸಿದ ಇಂಗಾಲ 11 ಮರ ನೆಟ್ಟದ್ದಕ್ಕೆ ಸಮ.

ಅಮ್ಮನಿಗೆ ಓದಿ ಹೇಳೋಣವೆಂದು ಹೊರಗೆ ಬಂದೆ. ಅವರು ಕಾಟುಮಾವಿನ ಬುಡದ ಮೇಲೆ ಕೂತು, ಬೆಳಗಿನ ಬಿಸಿಲಿಗೆ ಹಾಕಿದ್ದ ಹಲಸಿನ ಹಪ್ಪಳ ಎಣಿಸಿ ಡಬ್ಬಿಗೆ ಹಾಕುತ್ತಿದ್ದರು. ನೂರಾ ನಲ್ವತ್ತು. ಒಂದೇ ದಿನದಲ್ಲಿ ಪೂರ್ತಿ ಒಣಗಿದ್ದವು.