ಏಳಲು ಎರಡು ನಿಮಿಷ ಕೊಡಬಾರದಿತ್ತೇ?

ಮದುವೆ ಮನೆಯಲ್ಲಿ ಉಣ್ಣುತ್ತಿರುವವರ ಕುರ್ಚಿಯ ಹಿಂದೆ ಬಂದು ಕಾಯುತ್ತಾ ನಿಲ್ಲುವ ಪದ್ಧತಿಯನ್ನು ಯಾರು ಶುರುಮಾಡಿದರೋ, ಅವರ ವಂಶಕ್ಕೆಲ್ಲ ಸೊಂಟ ಹಿಡಿಯಲಿ. ಹೀಗೆ ಶಪಿಸಬಾರದು, ಗೊತ್ತು. 68 ದಾಟಿದವಳ ಬಾಯಲ್ಲಿ ಒಳ್ಳೆಯ ಮಾತು ಬರಬೇಕು, ಅದೂ ಗೊತ್ತು. ಬರುತ್ತಿಲ್ಲ. ನಿನ್ನೆ ಮಧ್ಯಾಹ್ನದಿಂದ ಬರುತ್ತಿಲ್ಲ.

ಆ ಹಸಿರು ಸೀರೆಯವಳು ಹುಡುಗನ ಕಡೆಯವಳೋ ಹುಡುಗಿಯ ಕಡೆಯವಳೋ ತಿಳಿಯದು. ನನ್ನ ಎಲೆಗೆ ಇನ್ನೂ ಸಾರು ಬಿದ್ದಿರಲಿಲ್ಲ, ಆಗಲೇ ಬಂದು ಕುರ್ಚಿಯ ಬೆನ್ನು ಹಿಡಿದಳು. ಬರೀ ಕೈ ಇಟ್ಟಿದ್ದರೆ ಸುಮ್ಮನಿರುತ್ತಿದ್ದೆ. ಮೊಬೈಲಿನಲ್ಲಿ ಯಾರಿಗೋ “ಜಾಗ ಹಿಡಿದಿದ್ದೇನೆ, ಬೇಗ ಬಾ” ಎನ್ನುತ್ತಾ ಕುರ್ಚಿಯನ್ನು ಅಲುಗಿಸುತ್ತಲೇ ಇದ್ದಳು. ಒಂದೊಂದು ಅಲುಗಾಟಕ್ಕೂ ಎಡ ಪೃಷ್ಠದಲ್ಲಿ ಹೊರಟ ಚಳುಕು ತೊಡೆಯ ಹಿಂದಿನಿಂದ ಇಳಿದು, ಮೀನಖಂಡದ ಹೊರಬದಿ ಹಿಡಿದು, ಕಾಲಿನ ಹೆಬ್ಬೆರಳು ಮುಟ್ಟಿ ಬರುತ್ತಿತ್ತು. ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುವಾಗಲೂ ಹಲ್ಲು ಕಚ್ಚಿಕೊಂಡೇ ಇದ್ದೆ. ತುಪ್ಪ ಬೇಡವೆಂದು ಮುಖ ಸಿಂಡರಿಸಿದೆ ಎಂದುಕೊಂಡು ಬಡಿಸುವವನು ಮುಂದೆ ಹೋದ. ಅದೂ ಹೋಯಿತು.

ಈಗ ಏಳುವ ವಿಷಯ. ನನ್ನಂಥವರು ಏಳುವುದಕ್ಕೆ ಒಂದು ಕ್ರಮವಿದೆ. ಫಿಸಿಯೋಥೆರಪಿಯ ಹುಡುಗಿ ತಾಳ್ಮೆಯಿಂದ ಕಲಿಸಿಕೊಟ್ಟಿದ್ದಾಳೆ. ಮೊದಲು ಕುರ್ಚಿಯನ್ನು ಒಂದಿಷ್ಟು ಹಿಂದಕ್ಕೆ ಸರಿಸಬೇಕು, ಅಂಚಿಗೆ ಜರುಗಬೇಕು, ಪಾದಗಳನ್ನು ಒಳಕ್ಕೆ ಎಳೆದುಕೊಳ್ಳಬೇಕು, ಮುಂದಕ್ಕೆ ಬಾಗಿ ಕೈ ಊರಿ ಮೇಲೇಳಬೇಕು. ಕೈಯಿರುವ ಕುರ್ಚಿಯಾದರೆ ಸಲೀಸು. ಛತ್ರದ ಪ್ಲಾಸ್ಟಿಕ್ ಕುರ್ಚಿಗೆ ಕೈಯೆಲ್ಲಿ ಬರಬೇಕು? ಹೋಗಲಿ, ಹಿಂದಕ್ಕೆ ಸರಿಸೋಣವೆಂದರೆ ಹಿಂದೆ ಆ ಹಸಿರು ಸೀರೆಯವಳು ಗಟ್ಟಿಯಾಗಿ ನಿಂತಿದ್ದಾಳೆ! “ಸ್ವಲ್ಪ ಹಿಂದೆ ಸರಿಯಮ್ಮಾ” ಎಂದೆ. “ನೀವು ಎದ್ದರೆ ತಾನೇ ಆಂಟಿ ನಾವು ಸರಿಯುವುದು” ಎಂದಳು. ಈ ಮಾತಿಗೆ ಏನು ಅರ್ಥ? ಯಾರಾದರೂ ಬಿಡಿಸಿ ಹೇಳುತ್ತೀರಾ? ಅವಳು ಸರಿಯದೆ ನಾನು ಏಳಲಾರೆ, ನಾನು ಏಳದೆ ಅವಳು ಸರಿಯಳು. ಅಷ್ಟರಲ್ಲಿ ಮೇಜಿನ ಆ ತುದಿಯಿಂದ ಎಲೆಗಳ ಸಮೇತ ಕಾಗದ ಸುತ್ತಿಕೊಂಡು ಬರುವವನೂ ಬಂದ. ನನ್ನ ಎಲೆಯೂ ಹೋಯಿತು. ಬರಿಯ ಮೇಜಿನ ಮುಂದೆ ಎಂಜಲು ಕೈ ಎತ್ತಿಕೊಂಡು ಕುಳಿತವಳು ಆ ಸಾಲಿನಲ್ಲಿ ನಾನೊಬ್ಬಳೇ.

ಆಗ ನನ್ನ ತಂಗಿಯ ಮಗ ಬಂದ. ಒಳ್ಳೆಯವನೇ, ಒಳ್ಳೆಯತನವೇ ಅವನ ತೊಂದರೆ. ಅಷ್ಟು ದೂರದಿಂದಲೇ “ದೊಡ್ಡಮ್ಮನಿಗೆ ಸಯಾಟಿಕಾ, ಯಾರಾದರೂ ಸ್ವಲ್ಪ ಎತ್ತಿ” ಎಂದು ಕೂಗಿದ. ಸೊಂಟದಲ್ಲಿ ನರ ಒತ್ತಿ ಕಾಲಿನುದ್ದಕ್ಕೂ ಇಳಿಯುವ ಈ ನೋವಿಗೆ ಅದೇ ಹೆಸರು. ಮಜ್ಜಿಗೆ ಬಡಿಸುತ್ತಿದ್ದ ಇಬ್ಬರು ಹುಡುಗರು ಪಾತ್ರೆ ಇಟ್ಟು ಓಡಿ ಬಂದರು. ಬೇಡ ಎನ್ನುವುದರೊಳಗೆ ಕಂಕುಳಿಗೆ ಕೈ ಹಾಕಿ ಅಕ್ಕಿ ಮೂಟೆ ಎತ್ತುವ ಹಾಗೆ ಎತ್ತಿಯೇ ಬಿಟ್ಟರು. ಅವರಲ್ಲಿ ಒಬ್ಬ ನನ್ನ ಎಂಜಲು ಕೈಯನ್ನೇ ಹಿಡಿದಿದ್ದ. ಮೊಸರನ್ನದ ಅಗುಳು ಅವನ ತೋಳಿಗೆ ಅಂಟಿಕೊಂಡಿತು. “ಅಯ್ಯೋ, ಎಂಜಲು ಕಣಪ್ಪಾ, ಬಿಡು” ಎಂದೆ. “ಪರವಾಗಿಲ್ಲ ಅಜ್ಜೀ, ನಮಗೆ ಅಭ್ಯಾಸ” ಎಂದ. ಸೆರಗು ಎಲ್ಲಿತ್ತೋ, ಎಡಗಾಲು ಮರಗಟ್ಟಿ ನೆಲಕ್ಕೆ ಊರಿದೆಯೋ ಇಲ್ಲವೋ ನನಗೇ ತಿಳಿಯುತ್ತಿಲ್ಲ. ತಲೆ ಎತ್ತಿ ನೋಡುತ್ತೇನೆ, ಎದುರು ಗೋಡೆಯ ದೊಡ್ಡ ಪರದೆಯ ಮೇಲೆ ನಾನೇ ಇದ್ದೇನೆ! ಊಟದ ಸಾಲನ್ನು ಹಿಡಿಯುತ್ತಿದ್ದ ವಿಡಿಯೋದವನು ದೀಪವನ್ನು ನೇರ ನನ್ನ ಮುಖಕ್ಕೇ ಬಿಟ್ಟಿದ್ದ. ಬಾಯಿ ತೆರೆದ ಮುದುಕಿ, ಎರಡು ಕಡೆ ಇಬ್ಬರು ಹುಡುಗರು, ಎಡಗೈಯಲ್ಲಿ ಭದ್ರವಾಗಿ ಹಿಡಿದ ಬಾಳೆಹಣ್ಣು. ಆ ಬಾಳೆಹಣ್ಣನ್ನು ಏಕೆ ಬಿಡಲಿಲ್ಲವೋ ದೇವರೇ ಬಲ್ಲ. ಪ್ರಾಣ ಹೋಗುವ ನೋವಿನಲ್ಲೂ ಹಣ್ಣು ಬಿಡದವಳು ಎಂದು ಮೊಮ್ಮಕ್ಕಳು ಮುಂದಿನ ಯುಗಾದಿಯ ತನಕ ಆಡಿಕೊಳ್ಳುತ್ತವೆ.

ಹಸಿರು ಸೀರೆಯವಳು ಮಾತ್ರ ನನ್ನ ಪಾದ ಪೂರ್ತಿ ನೆಲಕ್ಕೆ ತಾಗುವ ಮೊದಲೇ ಕುಳಿತುಬಿಟ್ಟಿದ್ದಳು.

ಅವಳನ್ನು ಬೈದು ಏನು ಪ್ರಯೋಜನ ಬಿಡಿ. ಹಸಿದಿದ್ದಳು. ಮುಹೂರ್ತ ತಡವಾಗಿತ್ತು, ಜನ ಹೆಚ್ಚಾಗಿತ್ತು. ಅಥವಾ ಬಿಡುವುದೇಕೆ? ನನಗೇನು ಹಸಿವೆಯಾಗಿರಲಿಲ್ಲವೇ? ನೆಲಮಾಳಿಗೆಯ ಊಟದ ಮನೆಗೆ ಮೆಟ್ಟಿಲು ಇಳಿದು ಬಂದವಳು ನಾನು. ಅಲ್ಲಿ ಲಿಫ್ಟ್ ಇದೆ, ಆದರೆ ಅದರಲ್ಲಿ ಸಾರಿನ ಕೊಳದಪ್ಪಲೆಗಳು ಓಡಾಡುತ್ತವೆ, ಮುದುಕಿಯರಿಗೆ ಪ್ರವೇಶವಿಲ್ಲ. ಅಷ್ಟು ದೊಡ್ಡ ಛತ್ರ ಕಟ್ಟಿಸಿದವರಿಗೆ ಒಂದು ಹಿಡಿಗಂಬಿ ಹಾಕಿಸಬೇಕೆಂದು ಹೊಳೆಯಲಿಲ್ಲವಲ್ಲ!

ಆಮೇಲೆ ಮೇಲಿನ ಸಭಾಂಗಣದ ಸೋಫಾದಲ್ಲಿ ನನ್ನನ್ನು ಕೂರಿಸಿ ಚಿಕಿತ್ಸೆ ಶುರುವಾಯಿತು. ಲಕ್ಕಿ ಸೊಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಡಿ ಎಂದರು ಒಬ್ಬರು. ಎಕ್ಕದ ಎಲೆಗೆ ಹರಳೆಣ್ಣೆ ಸವರಿ ಕಟ್ಟಿ ಎಂದರು ಇನ್ನೊಬ್ಬರು. ಶಾಖ ನಾನೂ ಕೊಟ್ಟುಕೊಳ್ಳುತ್ತೇನೆ ಸ್ವಾಮಿ, ಹಿತವಾಗುತ್ತದೆ, ಬಿಗಿದ ಸ್ನಾಯು ಸಡಿಲವಾಗುತ್ತದೆ. ಆದರೆ ಬೆನ್ನುಮೂಳೆಯೊಳಗೆ ಉಬ್ಬಿ ನರ ಒತ್ತುತ್ತಿರುವ ಡಿಸ್ಕಿನ ತನಕ ಎಕ್ಕದ ಎಲೆ ಹೋಗುತ್ತದೆಯೇ? ಮೂರನೆಯವರು, ಗಟ್ಟಿ ಹಲಗೆಯ ಮೇಲೆ ಮಲಗಿಬಿಡಿ, ಏಳಲೇಬೇಡಿ ಎಂದರು. ಆ ಕಾಲ ಮುಗಿಯಿತು. ಮಲಗಿದಷ್ಟೂ ಸ್ನಾಯು ಸೊರಗುತ್ತದೆ, ನೋವು ತಡೆಯುವಷ್ಟು ಓಡಾಡುತ್ತಲೇ ಇರಿ ಎಂದು ಈಗಿನ ವೈದ್ಯರು ಹೇಳುತ್ತಾರೆ. ನಮ್ಮ ಯಜಮಾನರ ಷಡ್ಡಕರಂತೂ “ಪ್ರೀಗಾಬಲಿನ್ ತೆಗೆದುಕೊಳ್ಳಿ, ಕಣ್ಣು ಮುಚ್ಚಿಕೊಂಡು ತೆಗೆದುಕೊಳ್ಳಿ” ಎಂದು ಜೇಬಿನಿಂದ ಆ ನರನೋವಿನ ಮಾತ್ರೆ ತೆಗೆದೇಬಿಟ್ಟರು. ಅದನ್ನು ನುಂಗಿ ತಲೆ ತೂಗಿ ಬಚ್ಚಲಲ್ಲಿ ಬೀಳುವುದು ಸ್ವಲ್ಪದರಲ್ಲಿ ತಪ್ಪಿಸಿಕೊಂಡವಳು ನಾನು. 2017ರಲ್ಲಿ ಆಸ್ಟ್ರೇಲಿಯಾದಲ್ಲಿ ಸಯಾಟಿಕಾ ರೋಗಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ ಅದಕ್ಕೂ ಹುಸಿ ಮಾತ್ರೆಗೂ ಕಾಲುನೋವಿನ ಲೆಕ್ಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲವಂತೆ, ತಲೆಸುತ್ತು ಮಾತ್ರ ಮಾತ್ರೆ ನುಂಗಿದವರಿಗೇ ಹೆಚ್ಚಂತೆ. ಮಗಳು ಓದಿ ಹೇಳಿದ್ದಳು. ವೈದ್ಯರನ್ನು ಕೇಳಿಯೇ ಸ್ವಲ್ಪ ಸ್ವಲ್ಪವಾಗಿ ಇಳಿಸಿ ಬಿಟ್ಟೆ. ಇದನ್ನೆಲ್ಲ ಅಲ್ಲಿ ಹೇಳಲು ಯಾರು ಬಿಟ್ಟರು?

ನರ್ಸ್ ಕೆಲಸದಲ್ಲಿರುವ ಸಂಬಂಧಿಕರ ಸೊಸೆಯೊಬ್ಬಳು ಬಂದು, ಸುತ್ತ ಅಷ್ಟು ಜನ ನಿಂತಿರುವಾಗ, “ಮೂತ್ರದ ಹಿಡಿತ ಸರಿಯಾಗಿದೆಯಾ? ಕುಳಿತುಕೊಳ್ಳುವ ಜಾಗ ಮರಗಟ್ಟಿಲ್ಲವಲ್ಲ?” ಎಂದು ಕೇಳಿದಳು. ಕೇಳಲೇಬೇಕಾದ ಪ್ರಶ್ನೆ ಅದು. ಅಂಥದ್ದೇನಾದರೂ ಆದರೆ ಒಂದು ಗಂಟೆಯೂ ಕಾಯದೆ ಆಸ್ಪತ್ರೆಗೆ ಬನ್ನಿ ಎಂದು ನಮ್ಮ ವೈದ್ಯರೂ ಹೇಳಿದ್ದಾರೆ. ಆದರೆ ಎದುರಿಗೆ ಬೀಗರು ಬೀಡಾ ಹಿಡಿದು ನಿಂತಿದ್ದರಲ್ಲಮ್ಮಾ, ಕಿವಿಯಲ್ಲಿ ಕೇಳಬಾರದಿತ್ತೇ?

ಹೆಚ್ಚಿನವರಿಗೆ ಈ ನೋವು ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದಂತೆ. ನಾನು ಉಳಿದವರ ಪಟ್ಟಿಗೆ ಸೇರಿದವಳು. ಡಿಸ್ಕ್ ಉಬ್ಬಿರುವುದರ ಜೊತೆಗೆ ವಯಸ್ಸಿಗೆ ನರದ ದಾರಿಯೂ ಕಿರಿದಾಗಿದೆಯಂತೆ. ರಾತ್ರಿ ಮಗ್ಗುಲಾಗಿ ಮಲಗಿ ಮೊಣಕಾಲುಗಳ ನಡುವೆ ದಿಂಬು ಇಟ್ಟುಕೊಂಡರೆ ಒಂದು ನಿದ್ದೆ ಆಗುತ್ತದೆ. ಅಂಗಡಿಯಲ್ಲಿ ಸಾಮಾನಿನ ಗಾಡಿಯ ಮೇಲೆ ತೋಳು ಊರಿ ಮುಂದಕ್ಕೆ ಬಾಗಿ ನಡೆದರೆ ಅರ್ಧ ನೋವು ಮಾಯ, ಬಾಗಿದಾಗ ಒಳಗಿನ ದಾರಿ ಒಂದಿಷ್ಟು ಅಗಲವಾಗುತ್ತದಂತೆ. ಏನೂ ಕೊಳ್ಳುವುದಿಲ್ಲದಿದ್ದರೂ ಗಾಡಿ ತಳ್ಳುತ್ತಾ ಬೇಳೆಯ ಸಾಲಿನಿಂದ ಸಾಬೂನಿನ ಸಾಲಿಗೆ ಓಡಾಡುತ್ತೇನೆ. ನನಗೆ ಬೇಕಾದ ಪರಿಹಾರ ಇಷ್ಟೇ. ಔಷಧ ಹೇಳಬೇಡಿ, ಎತ್ತಲೂ ಬೇಡಿ. ಎರಡು ನಿಮಿಷ ಕೊಡಿ, ಎರಡು ಅಡಿ ಜಾಗ ಬಿಡಿ, ನಾನೇ ಏಳುತ್ತೇನೆ. ಇದು ಅಷ್ಟೊಂದು ಕಷ್ಟದ ಮಾತೇ? ಛತ್ರದವರು, ಅಡುಗೆ ಗುತ್ತಿಗೆಯವರು, ಮದುವೆ ಮಾಡಿಸುವವರು, ಯಾರಾದರೂ ಸರಿ, ಉತ್ತರ ಕೊಡಿ.

ಇನ್ನು ಯಾರ ಮನೆಯ ಕಾರ್ಯಕ್ಕೂ ಹೋಗುವುದಿಲ್ಲವೆಂದು ನಿನ್ನೆ ರಾತ್ರಿಯೇ ತೀರ್ಮಾನಿಸಿದ್ದೆ. ಇವತ್ತು ಬೆಳಿಗ್ಗೆ ನಾದಿನಿ ಫೋನ್ ಮಾಡಿದಳು, ಅವಳ ಗಂಡನ ಅರವತ್ತರ ಶಾಂತಿ. ಹೋಗದಿದ್ದರೆ ಸೊಕ್ಕು ಎನ್ನುತ್ತಾರೆ, ಹೋದರೆ ಹೀಗಾಗುತ್ತದೆ. “ಅತ್ತಿಗೆ, ನಮ್ಮಲ್ಲಿ ಬಫೆ, ಕುಳಿತು ಏಳುವ ತಾಪತ್ರಯವೇ ಇಲ್ಲ” ಎಂದು ಉಪಕಾರ ಮಾಡಿದ ದನಿಯಲ್ಲಿ ಹೇಳಿದಳು. ಒಂದು ಕೈಯಲ್ಲಿ ತಟ್ಟೆ ಹಿಡಿದು ಸಾಲಿನಲ್ಲಿ ನಿಂತರೆ ಈ ಕಾಲು ಸುಮ್ಮನಿರುತ್ತದೆಯೇ? ಬರುತ್ತೇನೆ ಎಂದೆ. ಬರುತ್ತೇನೆ ಎಂದೇ ಬಿಟ್ಟೆ, ನೋಡಿ! ಕೈಯಿರುವ ಒಂದು ಕುರ್ಚಿ ಇಡಿಸು, ಊಟ ಎಲ್ಲಿ, ಎಷ್ಟು ಮೆಟ್ಟಿಲು ಎಂದು ಎಣಿಸಿ ಹೇಳು ಎಂದೂ ಹೇಳಿದ್ದೇನೆ. ಈಗ ಸಂಜೆಯಾಯಿತು. ಇನ್ನೂ ಎಣಿಸುತ್ತಲೇ ಇದ್ದಾಳೆಂದು ಕಾಣುತ್ತದೆ.