ಯುರೋಪಿಗೆ ಹೋದ ಮೊದಲ ವಾರ ಏನೂ ನೋಡಬೇಡಿ

ಯುರೋಪಿಗೆ ಹೋಗಿ ಬಂದೆವು ಎಂದರೆ ಸಾಕು, ಎಲ್ಲರೂ ಕೇಳುವ ಮೊದಲ ಪ್ರಶ್ನೆ, ‘ಎಷ್ಟು ದೇಶ ಆಯ್ತು?’ ನನಗೆ ಈ ಲೆಕ್ಕದಲ್ಲಿ ಆಸಕ್ತಿ ಇಲ್ಲ. ಎರಡು ಮೂರು ತಿಂಗಳ ಪ್ರವಾಸಕ್ಕೆ ಹೊರಟವರನ್ನು ನಾನಾದರೆ ಬೇರೆಯೇ ಕೇಳುತ್ತೇನೆ. ಮೊದಲ ವಾರ ಏನು ಮಾಡುತ್ತೀರಿ? ಅರಮನೆ, ಮ್ಯೂಸಿಯಂ, ಚರ್ಚು ಎಂದು ಪಟ್ಟಿ ಹೇಳಿದರೆ, ದಯವಿಟ್ಟು ಅದನ್ನೆಲ್ಲ ಮುಂದಕ್ಕೆ ಹಾಕಿ ಎಂದು ಕೇಳಿಕೊಳ್ಳುತ್ತೇನೆ. ಮೊದಲ ವಾರವನ್ನು ಅಲ್ಲಿ ದಿನ ಕಳೆಯುವುದು ಹೇಗೆ ಎಂದು ಕಲಿಯುವುದಕ್ಕೇ ಇಟ್ಟುಕೊಳ್ಳಿ.

ಗುಂಪಿನಲ್ಲಿ ಹೋಗಿ ಹತ್ತು ಹನ್ನೆರಡು ದಿನದಲ್ಲಿ ವಾಪಸ್ ಬರುವವರ ಮಾತು ಬೇರೆ. ಅವರ ಊಟ, ಬಸ್ಸು, ರೂಮು ಎಲ್ಲವನ್ನೂ ಇನ್ಯಾರೋ ನೋಡಿಕೊಳ್ಳುತ್ತಾರೆ. ನಾನು ಬರೆಯುತ್ತಿರುವುದು ನಿವೃತ್ತಿಯಾದ ಮೇಲೆ, ಕೂಡಿಟ್ಟ ದುಡ್ಡಿನಲ್ಲಿ, ತಾವೇ ಮನೆ ಹಿಡಿದು, ತಾವೇ ಬೇಯಿಸಿಕೊಂಡು ನಿಧಾನವಾಗಿ ಸುತ್ತಬೇಕು ಎಂದುಕೊಂಡ ನಮ್ಮಂಥವರಿಗೆ. ನಾವು ಮೊದಲು ಇಳಿದದ್ದು ಆಸ್ಟ್ರಿಯಾದ ರಾಜಧಾನಿ ವಿಯೆನ್ನಾದಲ್ಲಿ. ಹಾಗಾಗಿ ನನ್ನ ಉದಾಹರಣೆಗಳೆಲ್ಲ ಅಲ್ಲಿಯವೇ.

ಅವಸರ ಎಲ್ಲಿಂದ ಬರುತ್ತದೆ ಎಂದು ನನಗೆ ಗೊತ್ತು. ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಕೊಡುವ ಷೆಂಗೆನ್ ವೀಸಾದಲ್ಲಿ ಯಾವುದೇ 180 ದಿನಗಳಲ್ಲಿ ಹೆಚ್ಚೆಂದರೆ 90 ದಿನ ಇರಬಹುದು. ಎಷ್ಟೋ ಜನಕ್ಕೆ ಅಷ್ಟೂ ಸಿಗುವುದಿಲ್ಲ, ಪಾಸ್‌ಪೋರ್ಟಿಗೆ ಅಂಟಿಸಿದ ವೀಸಾ ಸ್ಟಿಕ್ಕರಿನಲ್ಲಿ ಬರೆದಷ್ಟೇ ದಿನ. ಇಳಿದ ದಿನವೂ ಲೆಕ್ಕಕ್ಕೆ ಬರುತ್ತದೆ, ಹೊರಟ ದಿನವೂ ಬರುತ್ತದೆ. 2025ರ ಅಕ್ಟೋಬರಿನಿಂದ ಪಾಸ್‌ಪೋರ್ಟಿನ ಮುದ್ರೆಯ ಜಾಗಕ್ಕೆ ಕಂಪ್ಯೂಟರ್ ದಾಖಲೆ ಹಂತಹಂತವಾಗಿ ಬಂದಿದೆ. ಇಷ್ಟು ಬಿಗಿ ಇರುವಾಗ ಒಂದು ದಿನ ಮನೆಯಲ್ಲಿ ಕೂತರೂ ದುಡ್ಡು ಸೋರಿಹೋದಂತೆ ಅನಿಸುತ್ತದೆ, ಅಲ್ವಾ? ಮಲೆನಾಡಿನವಳಾದ ನನಗೆ ಆಗ ನಾಟಿಯ ಕಾಲ ನೆನಪಾಗುತ್ತದೆ. ಮಡಿಯಿಂದ ಕಿತ್ತು ನೆಟ್ಟ ಸಸಿ ಕೆಲವು ದಿನ ಬಾಡಿದಂತೆಯೇ ಇರುತ್ತದೆ. ಬೇರು ಹಿಡಿಯುವ ತನಕ ಯಾರೂ ಅದನ್ನು ಅವಸರ ಮಾಡುವುದಿಲ್ಲ.

ಮೊದಲು ನಿದ್ದೆಯ ವಿಷಯ. ಬೇಸಿಗೆಯಲ್ಲಿ ವಿಯೆನ್ನಾ ನಮಗಿಂತ ಮೂರೂವರೆ ಗಂಟೆ ಹಿಂದೆ. ಅಮೆರಿಕಕ್ಕೆ ಹೋದವರಿಗೆ ಇದು ಏನೂ ಅಲ್ಲ ಅನಿಸಬಹುದು. ಆದರೆ ನಾವು ಏಳುವ ಬೆಳಗಿನ ಐದೂವರೆ ಅಲ್ಲಿ ನಡುರಾತ್ರಿ ಎರಡು. ಕಣ್ಣು ಬಿಟ್ಟುಕೊಂಡು ಮಲಗಿರುತ್ತೇವೆ. ಸಂಜೆ ಆರಕ್ಕೆ ತೂಕಡಿಕೆ. ಜೂನ್‌ನಲ್ಲಿ ಅಲ್ಲಿ ಐದಕ್ಕೆ ಮೊದಲೇ ಸೂರ್ಯ ಹುಟ್ಟಿ, ರಾತ್ರಿ ಒಂಬತ್ತರ ಹೊತ್ತಿಗೆ ಮುಳುಗುತ್ತಾನೆ. ಆ ಉದ್ದನೆಯ ಸಂಜೆಯನ್ನೇ ಬಳಸಿಕೊಳ್ಳಬೇಕು. ಊಟ ಮುಗಿಸಿ ಬೆಳಕಿನಲ್ಲೇ ನಡೆಯಿರಿ, ಒಂಬತ್ತೂವರೆಯ ತನಕ ಹೇಗಾದರೂ ಎದ್ದಿರಿ, ಆಮೇಲೆ ಪರದೆ ಪೂರ್ತಿ ಎಳೆದು ಮಲಗಿ. ಹೀಗೆ ಮಾಡಿದರೆ ದೇಹ ಕೆಲವೇ ದಿನದಲ್ಲಿ ಹಾದಿಗೆ ಬರುತ್ತದೆ. ಬಂದ ಮರುದಿನವೇ ಎಂಟು ಗಂಟೆಯ ಟಿಕೆಟ್ ಹಿಡಿದು ಅರಮನೆ ಬಾಗಿಲಲ್ಲಿ ನಿಂತವರಿಗೆ ಈ ಭಾಗ್ಯ ಇಲ್ಲ.

ಇನ್ನು ಮನೆ. ಬಾಡಿಗೆ ಮನೆಗೆ ಕಾಲಿಟ್ಟ ದಿನ ಒಂದು ಗಂಟೆ ಕೂತು ಅದನ್ನು ಅರ್ಥ ಮಾಡಿಕೊಳ್ಳಿ. ಅಲ್ಲಿನ ಎಷ್ಟೋ ಬಾಗಿಲುಗಳಿಗೆ ಹೊರಗಡೆ ತಿರುಗದ ಗುಂಡು ಹಿಡಿಕೆ ಇರುತ್ತದೆ. ಬಾಗಿಲು ಎಳೆದರೆ ಮುಗಿಯಿತು, ಕೀಲಿಕೈ ಒಳಗೆ ಉಳಿದರೆ ಬೀಗ ತೆಗೆಯುವವನನ್ನು ಕರೆಸಬೇಕು, ಅದು ದುಬಾರಿ ಬಾಬತ್ತು. ಕಸ ಹಾಕಲು ಹೋಗುವಾಗಲೂ ಕೀಲಿ ಜೇಬಿನಲ್ಲಿರಲಿ. ಕಿಟಕಿಯ ಹಿಡಿಕೆ ಅಡ್ಡ ತಿರುಗಿಸಿದರೆ ಪೂರ್ತಿ ತೆರೆಯುತ್ತದೆ, ಮೇಲಕ್ಕೆ ತಿರುಗಿಸಿದರೆ ಮೇಲ್ಭಾಗ ಮಾತ್ರ ಒಳಕ್ಕೆ ವಾಲುತ್ತದೆ. ಒಗ್ಗರಣೆ ಹಾಕುವ ಮೊದಲು ಪೂರ್ತಿ ತೆರೆಯುವುದು ಒಳ್ಳೆಯದು, ಪಕ್ಕದ ಮನೆಯವರ ದೃಷ್ಟಿಯಿಂದಲೂ. ಒಲೆ ಇಂಡಕ್ಷನ್ ಆಗಿದ್ದರೆ ನಮ್ಮ ಸಾಮಾನ್ಯ ಅಲ್ಯೂಮಿನಿಯಂ ಕುಕ್ಕರ್ ಕೆಲಸ ಮಾಡುವುದಿಲ್ಲ. ಇಂಡಕ್ಷನ್ನಿಗೆ ಆಗುವ ಪುಟ್ಟ ಸ್ಟೀಲ್ ಕುಕ್ಕರ್ ಒಯ್ಯಿರಿ. ಬಚ್ಚಲಿನ ನೆಲದಲ್ಲಿ ಸಾಮಾನ್ಯವಾಗಿ ನೀರು ಹೋಗುವ ತೂಬು ಇರುವುದಿಲ್ಲ, ಹಾಗಾಗಿ ನಮ್ಮಂತೆ ನೀರು ಸುರಿದು ಸ್ನಾನ ಮಾಡುವ ಹಾಗಿಲ್ಲ. ಶೌಚಕ್ಕೆಂದು ಒಂದು ಪ್ಲಾಸ್ಟಿಕ್ ಚೊಂಬು ಸೂಟ್‌ಕೇಸಿನಲ್ಲಿ ಇರಲಿ. ಇದನ್ನು ಹೇಳಲು ಜನ ಸಂಕೋಚ ಪಡುತ್ತಾರೆ. ಪಡಬೇಕಾಗಿಲ್ಲ.

ಕುಡಿಯುವ ನೀರು ಮಾತ್ರ ವಿಯೆನ್ನಾದ ದೊಡ್ಡ ಸಂಪತ್ತು. ಆಲ್ಪ್ಸ್ ಬೆಟ್ಟದ ಬುಗ್ಗೆಗಳ ನೀರು ಕೊಳವೆಗಳಲ್ಲಿ ನೇರ ಮನೆಯ ನಲ್ಲಿಗೆ ಬರುತ್ತದೆ. ಮೊದಲ ಕೊಳವೆ ಮಾರ್ಗ ಶುರುವಾದದ್ದು 1873ರಲ್ಲಿ, ಎರಡನೆಯದು 1910ರಲ್ಲಿ. ನೂರೈವತ್ತು ವರ್ಷದ ಹಿಂದೆ ಒಂದು ನಗರ ತನ್ನ ಜನಕ್ಕೆ ಶುದ್ಧ ನೀರು ಕೊಡಲೇಬೇಕು ಎಂದು ಹಟ ತೊಟ್ಟು ಮಾಡಿದ ಕೆಲಸ ಅದು. ನಲ್ಲಿ ತಿರುಗಿಸಿ ಕುಡಿದಾಗಲೆಲ್ಲ ನನಗೆ ಗೌರವ ಉಕ್ಕುತ್ತಿತ್ತು. ಬಾಟಲಿ ನೀರಿಗೆ ದುಡ್ಡು ಹಾಕಬೇಡಿ. ಬೇರೆ ಪಾನೀಯ ಕೊಂಡರೆ, 2025ರಿಂದ ಪ್ಲಾಸ್ಟಿಕ್ ಬಾಟಲಿ ಮತ್ತು ಡಬ್ಬಿಗೆ 25 ಸೆಂಟ್ ಠೇವಣಿ ಇದೆ. ಖಾಲಿ ಬಾಟಲಿಯನ್ನು ಅಂಗಡಿಯಲ್ಲಿ ವಾಪಸ್ ಕೊಟ್ಟರೆ ಅದು ಸಿಗುತ್ತದೆ.

ಊಟಕ್ಕೆ ಬರುತ್ತೇನೆ. ನಾವು ಮನೆ ಹಿಡಿದದ್ದು ವಿಯೆನ್ನಾದ ಒಟ್ಟಾಕ್ರಿಂಗ್ ಎಂಬ ಬಡಾವಣೆಯ ಕಡೆ, ಬ್ರುನ್ನೆನ್‌ಮಾರ್ಕ್ಟ್ ಸಂತೆಯ ಹತ್ತಿರ. ಪ್ರವಾಸಿಗರೆಲ್ಲ ನಾಶ್‌ಮಾರ್ಕ್ಟ್ ಎಂಬ ಹೆಸರಾದ ಸಂತೆಗೆ ಹೋಗುತ್ತಾರೆ. ಅದು ಚೆನ್ನಾಗಿದೆ, ಆದರೆ ದಿನಸಿ ತರುವ ಜಾಗವಾಗಿ ನನಗೆ ಬ್ರುನ್ನೆನ್‌ಮಾರ್ಕ್ಟೇ ಇಷ್ಟ. ಉದ್ದಕ್ಕೂ ಬೀದಿಯ ಮೇಲೆ ಅಂಗಡಿಗಳು, ಬಹಳಷ್ಟು ಟರ್ಕಿ ಮೂಲದವರದು. ಬದನೆ, ಬೆಂಡೆ, ಕಟ್ಟು ಕಟ್ಟು ಪುದೀನ, ಕೊತ್ತಂಬರಿ, ಕಡಲೆ, ಕೆಂಪು ಬೇಳೆ. ಯಾವ ಮಹಾ ಕಟ್ಟಡವೂ ಕೊಡದ ಧೈರ್ಯವನ್ನು ಆ ಕೊತ್ತಂಬರಿ ಕಟ್ಟು ಕೊಟ್ಟಿತು ಎಂದರೆ ನಂಬಿ. ಅಂಗಡಿಯವನಿಗೆ ‘ಗ್ರೂಸ್ ಗಾಟ್’ ಎಂದು ನಮಸ್ಕಾರ ಹೇಳಿಯೇ ಮುಂದಿನ ಮಾತು. ಎರಡನೇ ದಿನ ಹೋದರೆ ಗುರುತು ಹಿಡಿಯುತ್ತಾರೆ. ಮೂರನೇ ದಿನ ಯಾವ ಟೊಮ್ಯಾಟೊ ಒಳ್ಳೆಯದು ಎಂದು ಅವರೇ ಆರಿಸಿ ಕೊಡುತ್ತಾರೆ.

ಸೂಪರ್ ಮಾರ್ಕೆಟ್ಟಿನಲ್ಲೂ ನಮ್ಮ ಅಡುಗೆಗೆ ಬೇಕಾದ್ದು ಜಾಸ್ತಿಯೇ ಇದೆ. ಅವರು ಹಾಲಿನಲ್ಲಿ ಬೇಯಿಸಿ ಮಕ್ಕಳಿಗೆ ತಿನ್ನಿಸುವ ಗೋಧಿ ರವೆಯಲ್ಲಿ ಉಪ್ಪಿಟ್ಟು ಚೆನ್ನಾಗಿ ಆಗುತ್ತದೆ. ಪಾಯಸಕ್ಕೆ ಬಳಸುವ ಗುಂಡಕ್ಕಿ ಮೊಸರನ್ನಕ್ಕೆ ಹೇಳಿ ಮಾಡಿಸಿದ್ದು. ಸಾದಾ ಮೊಸರು ತಂದು ಅದರಲ್ಲೇ ಹೆಪ್ಪು ಹಾಕಬಹುದು. ಜೀರಿಗೆ ಕೊಳ್ಳುವಾಗ ಮಾತ್ರ ಎಚ್ಚರ. ನೋಡಲು ಜೀರಿಗೆಯಂತೆಯೇ ಇರುವ ಇನ್ನೊಂದು ಕಾಳನ್ನು ಅವರು ಬ್ರೆಡ್ಡಿಗೆ, ಮಾಂಸಕ್ಕೆ ಹಾಕುತ್ತಾರೆ. ಅದರ ಪರಿಮಳ ಸಾರಿಗೆ ಸೇರುವುದಿಲ್ಲ. ತೊಗರಿಬೇಳೆ, ಸಾಸಿವೆ, ಇಂಗು ಇಂಡಿಯನ್ ಅಂಗಡಿಗಳಲ್ಲಿ ಸಿಗುತ್ತವೆ. ಸಾರಿನ ಪುಡಿ ಮನೆಯದೇ ಆಗಬೇಕು, ಅದರಲ್ಲಿ ರಾಜಿ ಇಲ್ಲ.

ಭಾನುವಾರ ಅಂಗಡಿ ಇಲ್ಲ. ಇದನ್ನು ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ. ದೊಡ್ಡ ರೈಲು ನಿಲ್ದಾಣಗಳಲ್ಲಿನ ಕೆಲವು ಅಂಗಡಿ ಬಿಟ್ಟರೆ ಇಡೀ ಊರು ಬಾಗಿಲು ಹಾಕಿರುತ್ತದೆ. ಶನಿವಾರವೂ ಸಂಜೆ ಆರಕ್ಕೇ ಮುಚ್ಚುತ್ತಾರೆ. ಮೇ, ಜೂನ್ ತಿಂಗಳಲ್ಲಿ ಚರ್ಚಿನ ಹಬ್ಬಗಳ ರಜೆ ಬೇರೆ ಒಂದರ ಹಿಂದೆ ಒಂದು ಬರುತ್ತವೆ. ಶನಿವಾರ ರಾತ್ರಿ ಇಳಿಯುವ ವಿಮಾನ ಹಿಡಿದರೆ ಮೊದಲ ದಿನ ಹಾಲಿಗೂ ಪರದಾಟ. ಸೋಮವಾರದಿಂದ ಗುರುವಾರದೊಳಗೆ ಇಳಿಯಿರಿ. ಕೆಲವರಿಗೆ ಈ ಭಾನುವಾರದ ನಿಯಮ ಹಿಂದುಳಿದದ್ದು ಎನಿಸುತ್ತದೆ. ನನಗೆ ಹಾಗನ್ನಿಸಲಿಲ್ಲ. ಅಂಗಡಿಯಲ್ಲಿ ದುಡಿಯುವ ಹೆಂಗಸಿಗೂ ಮಕ್ಕಳ ಜೊತೆ ಒಂದು ದಿನ ಖಾತ್ರಿ ಇರಬೇಕಲ್ಲ.

ಓಡಾಟ ಸುಲಭ. ಮೆಟ್ರೋದಲ್ಲಿ ಗೇಟುಗಳೇ ಇಲ್ಲ. ಕಾಗದದ ಟಿಕೆಟ್ ಕೊಂಡರೆ ಮೊದಲ ಸಲ ನೀಲಿ ಪೆಟ್ಟಿಗೆಯಲ್ಲಿ ಮುದ್ರೆ ಒತ್ತಿಸಬೇಕು. ತಪಾಸಣೆ ಮಾಡುವವರು ಮಫ್ತಿಯಲ್ಲಿ ಬರುತ್ತಾರೆ, ಸಿಕ್ಕಿಬಿದ್ದರೆ ದಂಡ ನೂರು ಯೂರೋಗಿಂತ ಜಾಸ್ತಿ. ವಿಮಾನ ನಿಲ್ದಾಣ ನಗರದ ಟಿಕೆಟ್ಟಿನ ವ್ಯಾಪ್ತಿಯ ಹೊರಗಿದೆ ಎಂಬುದೂ ನೆನಪಿರಲಿ. ನಮ್ಮ ಮನೆಯ ಹತ್ತಿರ ಓಡುತ್ತಿದ್ದ ಯು6 ಮೆಟ್ರೋ, ಒಟ್ಟೊ ವಾಗ್ನರ್ ಎಂಬ ವಾಸ್ತುಶಿಲ್ಪಿ 1890ರ ದಶಕದಲ್ಲಿ ಕಟ್ಟಿಸಿದ ಕಮಾನು ಸೇತುವೆಗಳ ಮೇಲೆಯೇ ಹೋಗುತ್ತದೆ. ಬಿಳಿ ಗೋಡೆ, ಹಸಿರು ಕಬ್ಬಿಣದ ಕಂಬಗಳ ನಿಲ್ದಾಣಗಳು. ತರಕಾರಿ ಚೀಲ ಹಿಡಿದು ದಿನಾ ಅದರ ಕೆಳಗೆ ಹಾದುಹೋಗುವುದೇ ಒಂದು ಸಂತೋಷ.

ಮೊದಲ ವಾರ ಹೊರಗೆ ಹೋಗಲೇಬೇಕು ಅನಿಸಿದರೆ ‘ಡಿ’ ಎಂಬ ಅಕ್ಷರದ ಟ್ರಾಮ್ ಹತ್ತಿ ನುಸ್‌ಡಾರ್ಫ್ ಕಡೆಯ ಕೊನೆಯ ನಿಲ್ದಾಣದ ತನಕ ಸುಮ್ನೆ ಕೂತು ಹೋಗಿ. ದ್ರಾಕ್ಷಿ ತೋಟಗಳ ಬೆಟ್ಟದ ಬುಡದ ತನಕ ಅದು ಹೋಗುತ್ತದೆ. ಆ ಕೊನೆಯ ನಿಲ್ದಾಣಕ್ಕೆ ಸಂಗೀತಗಾರ ಬೀಥೋವನ್ ನಡೆದಾಡಿದ ದಾರಿಯ ಹೆಸರೇ ಇಟ್ಟಿದ್ದಾರೆ. ಶೋನ್‌ಬ್ರುನ್ ಅರಮನೆಯ ಒಳಗೆ ಹೋಗಲು ಟಿಕೆಟ್ ಬೇಕು, ಹೊರಗಿನ ದೊಡ್ಡ ಉದ್ಯಾನಕ್ಕೆ ಬೇಡ. ಇಲ್ಲದಿದ್ದರೆ ಗ್ರಂಥಾಲಯ. ಯು6 ದಾರಿಯಲ್ಲೇ ನಗರದ ಮುಖ್ಯ ಗ್ರಂಥಾಲಯ ಇದೆ, ದೊಡ್ಡ ಹಡಗಿನ ಹಾಗೆ ನಿಂತಿರುವ ಕಟ್ಟಡ, 2003ರಲ್ಲಿ ತೆರೆದದ್ದು. ಅದರ ಅಗಲವಾದ ಮೆಟ್ಟಿಲ ಮೇಲೆ ಸಂಜೆ ಕಾಲೇಜು ಹುಡುಗರು, ಮುದುಕರು ಎಲ್ಲ ಕೂತಿರುತ್ತಾರೆ. ಯಾರೂ ಎಬ್ಬಿಸುವುದಿಲ್ಲ.

ಔಷಧಿ ಬಗ್ಗೆ ಒಂದು ಮಾತು. ಅಲ್ಲಿ ತಲೆನೋವಿನ ಮಾತ್ರೆ ಕೂಡ ಸೂಪರ್ ಮಾರ್ಕೆಟ್ಟಿನಲ್ಲಿ ಸಿಗುವುದಿಲ್ಲ, ಔಷಧಿ ಅಂಗಡಿಗೇ ಹೋಗಬೇಕು. ಆಂಟಿಬಯೋಟಿಕ್ಕಿಗೆ ಡಾಕ್ಟರ ಚೀಟಿ ಬೇಕೇ ಬೇಕು. ಮೊದಲ ದಿನವೇ ಹತ್ತಿರದ ಔಷಧಿ ಅಂಗಡಿ ನೋಡಿಟ್ಟುಕೊಳ್ಳಿ. ತುರ್ತಿಗೆ 112, ಆರೋಗ್ಯ ಸಲಹೆಗೆ 1450.

ಇಷ್ಟೆಲ್ಲ ಮಾಡಿ ಸಿಕ್ಕಿದ್ದೇನು ಎಂದು ಕೇಳಬಹುದು. ವಾರ ಕಳೆದ ಮೇಲೆ ಕಲಾ ಇತಿಹಾಸ ಮ್ಯೂಸಿಯಮ್ಮಿಗೆ ಹೋದೆವು. ಹದಿನಾರನೇ ಶತಮಾನದ ಚಿತ್ರಕಾರ ಬ್ರೂಗೆಲ್‌ನ ಚಿತ್ರಗಳು ಜಗತ್ತಿನಲ್ಲೇ ಹೆಚ್ಚು ಸಂಖ್ಯೆಯಲ್ಲಿ ಒಂದೆಡೆ ಇರುವುದು ಅಲ್ಲಿ. ಹಿಮದಲ್ಲಿ ನಾಯಿಗಳ ಜೊತೆ ಬೇಟೆಯಿಂದ ಮರಳುವವರ ಚಿತ್ರ, 1565ರದು. ಅದರ ಮುಂದಿನ ಬೆಂಚಿನಲ್ಲಿ ನಾನು ಮತ್ತು ನಮ್ಮ ಮನೆಯವರು ಎಷ್ಟು ಹೊತ್ತು ಕೂತೆವೋ. ದೂರದ ಕೆರೆಯ ಮೇಲೆ ಆಡುವ ಚಿಕ್ಕ ಚಿಕ್ಕ ಜನರನ್ನು ಒಬ್ಬೊಬ್ಬರನ್ನಾಗಿ ನೋಡಿದೆವು. ನಿದ್ದೆ ಆಗಿತ್ತು, ಹೊಟ್ಟೆ ಸರಿಯಿತ್ತು, ಮನೆಗೆ ಹೋಗುವ ದಾರಿ ಗೊತ್ತಿತ್ತು. ಪಕ್ಕದಲ್ಲೇ ಗುಂಪೊಂದು ಬಂದು, ಫೋಟೊ ತೆಗೆದು, ಮುಂದಿನ ಕೋಣೆಗೆ ಹೋಯಿತು. ಅವರ ಮುಖದ ದಣಿವು ನೋಡಿ ನಿಜಕ್ಕೂ ಸಂಕಟವಾಯಿತು. ಅವರೂ ನಮ್ಮ ಹಾಗೆಯೇ ವರ್ಷಗಟ್ಟಲೆ ಕಾದು ಬಂದವರು.

ಕೊನೆಗೆ, ಅಲ್ಲಿ ಕೆಲಸದಲ್ಲಿರುವ ಮಕ್ಕಳಿಗೆ ಒಂದು ಕೋರಿಕೆ. ಅಪ್ಪ ಅಮ್ಮ ಬಂದ ಮೊದಲ ಶನಿವಾರಕ್ಕೆ ಹಾಲ್‌ಸ್ಟಾಟ್ ಎಂಬ ಸರೋವರದ ಊರಿನ ಪ್ರವಾಸ ಬುಕ್ ಮಾಡಬೇಡಿ. ಅದರ ಬದಲು ಅವರು ಬಂದ ಮರುದಿನ ರಜೆ ಹಾಕಿ. ಆಸ್ಟ್ರಿಯಾದಲ್ಲಿ ಮನೆಯವರ ಜೊತೆ ಮೂರು ದಿನಕ್ಕಿಂತ ಹೆಚ್ಚು ಉಳಿಯುವವರು ಮೂರು ದಿನದೊಳಗೆ ವಿಳಾಸ ನೋಂದಾಯಿಸಬೇಕು, ಆ ಕೆಲಸ ಮೊದಲು ಮುಗಿಸಿ. ಅಂಗಡಿ ತೋರಿಸಿ, ವಾಷಿಂಗ್ ಮಷೀನಿನ ಗುಂಡಿ ತೋರಿಸಿ, ಟಿಕೆಟ್ ಕೊಡಿಸಿ. ಒಮ್ಮೆ ಟ್ರಾಮಿನಲ್ಲಿ ಜೊತೆಗೆ ಹೋಗಿ, ವಾಪಸ್ ಬರುವಾಗ ಅವರೇ ಮುಂದೆ ನಡೆಯಲಿ. ಮನೆಯ ಕೀಲಿಕೈಯ ಇನ್ನೊಂದು ಜೊತೆಯನ್ನು ಅವತ್ತೇ ಅವರ ಕೈಗೆ ಕೊಡಿ.